ಯಾರಿಗೆ ದುಡ್ಡು ಕಳಿಸಲಿ ಅನ್ನುವ ಮುಂಚೆ

ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂದಾಗೆಲ್ಲ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಒಂದೇ: ಯಾರಿಗೆ ದುಡ್ಡು ಕಳಿಸಲಿ? ನಾನು ವರ್ಜೀನಿಯಾದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗಳ ಪರವಾಗಿ ವಾಲಂಟಿಯರ್‌ಗಳನ್ನು ಸೇರಿಸಿ, ಮನೆ ಮನೆಗೆ ಕಳಿಸುವ ಕೆಲಸ ಮಾಡುತ್ತೇನೆ. ಹಾಗಾಗಿ ನಾನು ಅವರನ್ನೇ ತಿರುಗಿ ಕೇಳುತ್ತೇನೆ, ನಿಮ್ಮ ರಾಜ್ಯದ ವಿಧಾನಸಭೆಗೆ ನಿಮ್ಮ ಕ್ಷೇತ್ರದಿಂದ ಯಾರು ನಿಂತಿದ್ದಾರೆ, ಗೊತ್ತಾ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವಾಷಿಂಗ್ಟನ್‌ನ ಸೆನೆಟರ್‌ಗಳ ಹೆಸರೆಲ್ಲ ಬಾಯಿಗೆ ಬರುತ್ತವೆ.

2020ರಲ್ಲಿ ಏನಾಯಿತು ನೋಡಿ. ಕೆಂಟಕಿಯಲ್ಲಿ ಸೆನೆಟ್ ಸೀಟಿಗೆ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನೆಲ್ ಎದುರು ಡೆಮಾಕ್ರಟಿಕ್ ಪಕ್ಷದಿಂದ ನಿಂತ ಏಮಿ ಮೆಗ್ರಾತ್‌ಗೆ ದೇಶದ ಮೂಲೆಮೂಲೆಯಿಂದ 9 ಕೋಟಿ ಡಾಲರ್‌ಗೂ ಜಾಸ್ತಿ ಹರಿದು ಬಂತು. ಸೋತಿದ್ದು ಸುಮಾರು ಶೇ. 20ರ ಅಂತರದಲ್ಲಿ. ಸೌತ್ ಕ್ಯಾರೊಲಿನಾದಲ್ಲಿ ಸೆನೆಟ್‌ಗೆ ನಿಂತ ಇನ್ನೊಬ್ಬ ಡೆಮಾಕ್ರಟ್ ಜೇಮಿ ಹ್ಯಾರಿಸನ್ 13 ಕೋಟಿ ಡಾಲರ್ ಸೇರಿಸಿಯೂ ಶೇ. 10ರಷ್ಟು ಹಿಂದೆ ಬಿದ್ದರು. ಇಬ್ಬರೂ ಕಷ್ಟಪಟ್ಟವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ವರ್ಷ ಡೆಮಾಕ್ರಟರು ಯಾವ ರಾಜ್ಯದ ಒಂದು ಸದನವನ್ನೂ ಎದುರಾಳಿಯಿಂದ ಕಿತ್ತುಕೊಳ್ಳಲಿಲ್ಲ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೈಯಲ್ಲಿದ್ದ ಎರಡನ್ನೂ ಕಳೆದುಕೊಂಡರು. ಮರುವರ್ಷ ಜನಗಣತಿಯ ಲೆಕ್ಕ ಬಂತು. ಅದನ್ನು ಹಿಡಿದು ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಕ್ಷೇತ್ರಗಳ ಗಡಿ ಎಲ್ಲಿ ಹಾದುಹೋಗಬೇಕು ಅಂತ ಗೀಟು ಎಳೆಯುವುದು ಬಹುಪಾಲು ರಾಜ್ಯಗಳಲ್ಲಿ ಇದೇ ರಾಜ್ಯ ಸದನಗಳು.

ಗೀಟು ಎಳೆಯುವವರ ಕೈಯಲ್ಲಿ ಎಷ್ಟು ಶಕ್ತಿ ಇದೆ ಅಂತ ತಿಳಿಯಬೇಕಾದರೆ ವಿಸ್ಕಾನ್ಸಿನ್ ನೋಡಬೇಕು. 2018ರಲ್ಲಿ ಅಲ್ಲಿನ ಅಸೆಂಬ್ಲಿಗೆ ಬಿದ್ದ ಒಟ್ಟು ವೋಟಿನಲ್ಲಿ ಸುಮಾರು ಶೇ. 53 ಡೆಮಾಕ್ರಟರದ್ದು, ಸಿಕ್ಕ ಸೀಟು 99ರಲ್ಲಿ 36. ಮುಂದೆ ರಾಜ್ಯದ ಸುಪ್ರೀಂ ಕೋರ್ಟ್ ಹಳೇ ನಕ್ಷೆಯನ್ನು ತಳ್ಳಿಹಾಕಿತು. 2024ರಲ್ಲಿ ಹೊಸ ನಕ್ಷೆಯ ಮೇಲೆ ಚುನಾವಣೆ ನಡೆದಾಗ ಅವರ ಸೀಟು 45ಕ್ಕೆ ಏರಿತು.

ನಮ್ಮ ವರ್ಜೀನಿಯಾದ 2017ರ ಕಥೆಯನ್ನಂತೂ ಹೊಸ ವಾಲಂಟಿಯರ್‌ಗಳಿಗೆಲ್ಲ ಹೇಳಲೇಬೇಕು. ಟ್ರಂಪ್ ಗೆದ್ದ ಮೇಲೆ ಎಷ್ಟೋ ಜನ, ಅದರಲ್ಲೂ ಹೆಂಗಸರು, ರಾಜಕೀಯಕ್ಕೆ ಎಂದೂ ಕಾಲಿಡದವರು, ಮನೆಯ ಹಾಲ್‌ಗಳಲ್ಲಿ, ಲೈಬ್ರರಿ ಕೋಣೆಗಳಲ್ಲಿ ಸೇರಿ ಯಾವ ಕ್ಷೇತ್ರಕ್ಕೆ ಯಾರು ಹೋಗುವುದು ಅಂತ ಹಂಚಿಕೊಂಡರು. ರಾಜ್ಯದ ಕೆಳಮನೆಯಾದ ಹೌಸ್ ಆಫ್ ಡೆಲಿಗೇಟ್ಸ್‌ನ 100 ಸೀಟುಗಳಲ್ಲಿ ಡೆಮಾಕ್ರಟರದ್ದು 34 ಇದ್ದದ್ದು 49 ಆಯಿತು. ಐವತ್ತನೆಯದು ನ್ಯೂಪೋರ್ಟ್ ನ್ಯೂಸ್‌ನ 94ನೇ ಕ್ಷೇತ್ರದಲ್ಲಿ ಸಿಕ್ಕಿಹಾಕಿಕೊಂಡಿತು. ಮರುಎಣಿಕೆಯ ನಂತರ ಡೆಮಾಕ್ರಟಿಕ್ ಅಭ್ಯರ್ಥಿ ಶೆಲ್ಲಿ ಸೈಮಂಡ್ಸ್‌ಗೆ 11,608 ವೋಟು, ರಿಪಬ್ಲಿಕನ್ ಡೇವಿಡ್ ಯಾನ್ಸಿಗೂ 11,608. ಕೊನೆಗೆ 2018ರ ಜನವರಿ 4ರಂದು ರಿಚ್ಮಂಡ್‌ನಲ್ಲಿ ಒಂದು ಬಟ್ಟಲಿನಿಂದ ಚೀಟಿ ಎತ್ತಿದರು, ಯಾನ್ಸಿ ಹೆಸರು ಬಂತು. ಇನ್ನೊಂದೇ ಒಂದು ಮನೆಯಿಂದ ಒಬ್ಬರು ಹೊರಟು ಬಂದಿದ್ದರೆ ಆ ಚೀಟಿಯೇ ಬೇಕಿರಲಿಲ್ಲ ಅಲ್ವಾ?

ಬಹುಮತ ರಿಪಬ್ಲಿಕನ್ನರ ಹತ್ತಿರವೇ ಉಳಿಯಿತು. ಆದರೂ ವರ್ಷಗಟ್ಟಲೆ ತಡೆಹಿಡಿದಿದ್ದ ಮೆಡಿಕೇಡ್ (ಬಡವರಿಗೆ ಸರ್ಕಾರದ ಆರೋಗ್ಯ ವಿಮೆ) ವಿಸ್ತರಣೆ 2018ರಲ್ಲೇ ಪಾಸಾಯಿತು, ಯಾಕೆಂದರೆ ಒಂದೇ ರಾತ್ರಿಯಲ್ಲಿ 15 ಸೀಟು ಕಳೆದುಕೊಂಡ ಪಕ್ಷದ ಸದಸ್ಯರಲ್ಲೇ ಕೆಲವರು ಮನಸ್ಸು ಬದಲಿಸಿದರು. ಸುಮಾರು 4 ಲಕ್ಷ ಬಡ ಜನರಿಗೆ ಆರೋಗ್ಯ ವಿಮೆಯ ದಾರಿ ತೆರೆಯಿತು. ಮುಂದೆ 2019ರಲ್ಲಿ ಸೈಮಂಡ್ಸ್ ಗೆದ್ದರು, ಎರಡೂ ಸದನ ಡೆಮಾಕ್ರಟರ ಕೈಗೆ ಬಂದವು. ಹೈದರಾಬಾದ್‌ನಲ್ಲಿ ಹುಟ್ಟಿದ ಗಜಾಲಾ ಹಾಶ್ಮಿ ರಾಜ್ಯ ಸೆನೆಟ್‌ಗೆ ಮೊದಲು ಆಯ್ಕೆಯಾದದ್ದೂ ಆ ವರ್ಷವೇ.

ಈಗ ಬಾಗಿಲು ತಟ್ಟುವ ಕೆಲಸಕ್ಕೆ ಬರೋಣ. ಫೋನಿನ ಆ್ಯಪ್‌ನಲ್ಲಿ ಒಂದು ಪಟ್ಟಿ ಕೊಡುತ್ತೇವೆ, ಯಾವ ಮನೆ, ಯಾರ ಹೆಸರು, ಹಿಂದೆ ಯಾವ ಚುನಾವಣೆಗಳಲ್ಲಿ ವೋಟು ಹಾಕಿದ್ದಾರೆ. ಯಾರಿಗೆ ಹಾಕಿದರು ಅನ್ನುವುದು ಗುಟ್ಟು, ಹಾಕಿದರೋ ಇಲ್ಲವೋ ಅನ್ನುವುದು ಗುಟ್ಟಲ್ಲ. ಹೆಚ್ಚಿನ ಬಾಗಿಲು ತೆರೆಯುವುದೇ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ತೆರೆದ ಕಡೆ ವಾದಕ್ಕಿಳಿಯಬೇಡಿ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಸಂಶೋಧಕರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಚಾರದಿಂದ ಮತದಾರರ ಆಯ್ಕೆ ಬದಲಾಗುವುದು ಸರಾಸರಿ ಸೊನ್ನೆಗೆ ಹತ್ತಿರ ಎಂದು ಕಂಡಿತು. ಆದರೆ ಮನೆಗೇ ಹೋಗಿ ಮಾತಾಡಿಸಿದರೆ ಮತದಾನ ಹೆಚ್ಚುತ್ತದೆ ಅನ್ನುವುದನ್ನು ಗರ್ಬರ್ ಮತ್ತು ಗ್ರೀನ್ ಎಂಬ ಸಂಶೋಧಕರು 1998ರಲ್ಲೇ ನ್ಯೂ ಹೇವನ್‌ನಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಅಂದರೆ ನಮ್ಮ ಕೆಲಸ, ನಮ್ಮ ಕಡೆಯವರೇ ಆಗಿದ್ದು ಸುಮ್ನೆ ಮನೆಯಲ್ಲಿ ಕೂರುವವರನ್ನು ಹುಡುಕಿ ಹೊರಡಿಸುವುದು. ಯಾವ ದಿನ ಹೋಗುತ್ತೀರಿ, ಎಷ್ಟು ಗಂಟೆಗೆ, ಯಾರ ಜೊತೆ ಅಂತ ಅವರ ಬಾಯಿಂದಲೇ ಹೇಳಿಸಿ.

ಕನ್ನಡ ಮಾತಾಡುವ ಮನೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮಗನ ಮನೆಯಲ್ಲಿರುವ ಹಿರಿಯ ತಾಯಿ, ಪೌರತ್ವ ಸಿಕ್ಕಿ ಸ್ವಲ್ಪ ದಿನವಾಗಿರುತ್ತದೆ. "ಅಮ್ಮಾ, ನವೆಂಬರ್‌ನಲ್ಲಿ ಎಲೆಕ್ಷನ್ ಇದೆ" ಅಂದರೆ "ಹೋದ ವರ್ಷ ಆಯ್ತಲ್ಲಪ್ಪಾ?" ಅನ್ನುತ್ತಾರೆ. ವರ್ಜೀನಿಯಾದಲ್ಲಿ ರಾಜ್ಯದ ಚುನಾವಣೆ ಬೆಸ ವರ್ಷಗಳಲ್ಲಿ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ. 45 ದಿನ ಮುಂಚೆಯೇ ಹೋಗಿ ಹಾಕಬಹುದು ಎಂದು ಗೊತ್ತಾದರೆ ಮಗನಿಗೆ ಅಲ್ಲೇ ದಿನ ಗೊತ್ತು ಮಾಡಿಸುತ್ತಾರೆ.

ಪ್ರೈಮರಿಯನ್ನು, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆಯನ್ನು, ಮಾತ್ರ ಬಿಡಬೇಡಿ. ಪ್ರಗತಿಪರ ಅಭ್ಯರ್ಥಿಗಳ ಹಣೆಬರಹ ತೀರ್ಮಾನವಾಗುವುದು ಬಹಳ ಸಲ ಅಲ್ಲೇ. 2018ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ನ್ಯೂಯಾರ್ಕ್‌ನಲ್ಲಿ ಜೋ ಕ್ರೌಲಿಯಂಥ ದೊಡ್ಡ ನಾಯಕನನ್ನು ಸೋಲಿಸಿದ್ದು ಒಟ್ಟು ಸುಮಾರು 17 ಸಾವಿರ ವೋಟು ಪಡೆದು, ಇಡೀ ಕಾಂಗ್ರೆಸ್ ಕ್ಷೇತ್ರದಲ್ಲಿ ಅಷ್ಟೇ ಸಾಕಾಯಿತು. ನ್ಯೂಯಾರ್ಕ್‌ನಲ್ಲಿ ಪ್ರೈಮರಿಗೆ ವೋಟು ಹಾಕಲು ಮೊದಲೇ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡಿರಬೇಕು. ವರ್ಜೀನಿಯಾದಲ್ಲಿ ಆ ತೊಂದರೆ ಇಲ್ಲ.

ಕಾನೂನಿನ ವಿಷಯ ಗಮನವಿಟ್ಟು ಓದಿ. ಎಚ್-1ಬಿ ವೀಸಾದವರು ಯಾವ ಅಭ್ಯರ್ಥಿಗೂ ಹತ್ತು ಡಾಲರ್ ಕೂಡ ಕೊಡುವಂತಿಲ್ಲ, ನಗರಸಭೆ ಚುನಾವಣೆಗೂ ಇಲ್ಲ. ತಮ್ಮ ದುಡ್ಡನ್ನು ಗೆಳೆಯರ ಹೆಸರಲ್ಲಿ ಕೊಡಿಸುವುದೂ ತಪ್ಪು. ಗ್ರೀನ್ ಕಾರ್ಡ್ ಇದ್ದವರು ದುಡ್ಡು ಕೊಡಬಹುದು, ವೋಟು ಹಾಕುವಂತಿಲ್ಲ. ಹಾಕಿದರೆ ದೇಶದಿಂದಲೇ ಹೊರಹಾಕಬಹುದು. ಆದರೆ ಸಂಬಳವಿಲ್ಲದೆ ವಾಲಂಟಿಯರ್ ಆಗಿ ಬಾಗಿಲು ತಟ್ಟಲು, ಫೋನ್ ಮಾಡಲು ವೀಸಾದವರಿಗೂ ಅಡ್ಡಿಯಿಲ್ಲ. ಪ್ರಚಾರದ ಖರ್ಚು, ನಿರ್ಧಾರಗಳಲ್ಲಿ ಮಾತ್ರ ಕೈಹಾಕಬಾರದು. ವೀಸಾ ಇರುವ ಹುಡುಗರು ನಮಗೇನೂ ಮಾಡೋಕಾಗಲ್ಲ ಅಂದುಕೊಂಡು ದೂರ ಉಳಿಯುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಮೊದಲ ಸಲ ಬರುವವರನ್ನು ಒಬ್ಬರೇ ಕಳಿಸುವುದಿಲ್ಲ, ಅನುಭವ ಇರುವವರ ಜೊತೆ ಹಾಕುತ್ತೇವೆ. ನಿಮ್ಮ ಕ್ಷೇತ್ರದ ನಂಬರ್ ರಾಜ್ಯದ ಚುನಾವಣಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅಭ್ಯರ್ಥಿಯ ಕಚೇರಿಗೆ ಫೋನ್ ಮಾಡಿ, ಶನಿವಾರ ಬೆಳಗ್ಗಿನ ಪಾಳಿ ಕೇಳಿ. ನಡೆಯಲು ಒಗ್ಗುವ ಬೂಟು ಹಾಕಿಕೊಳ್ಳಿ, ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ.