ದೊಡ್ಡ ಆರ್‌ಸಿ ಕಾರಿನ ಪೆಟ್ರೋಲ್ ಮಿಕ್ಸ್: 25:1ರ ಲೆಕ್ಕ, ಸೂಜಿಯ ತಕರಾರು

ಈ ಟಿಪ್ಪಣಿ ರಿಮೋಟಿನಿಂದ ಓಡಿಸುವ (ಆರ್‌ಸಿ), ನಿಜವಾದ ಕಾರಿನ ಐದನೇ ಒಂದು ಗಾತ್ರದ, ಅಂದರೆ 1/5 ಸ್ಕೇಲಿನ ಪೆಟ್ರೋಲ್ ಕಾರುಗಳಿಗೆ ಮಾತ್ರ. ಅಂದರೆ ಎಚ್‌ಪಿಐ ಬಾಹಾ 5ಬಿ ತರಹದವು, ಜೆನೋವಾ ಜಿ260ಆರ್‌ಸಿ (25.4 ಸಿಸಿ) ಅಥವಾ ಅದರ ನಕಲು ಎಂಜಿನ್ ಕೂತಿರುವವು. ಚಿಕ್ಕ ನೈಟ್ರೋ ಕಾರುಗಳ ಇಂಧನವೇ ಬೇರೆ: ಮೆಥನಾಲ್, ನೈಟ್ರೋಮೀಥೇನ್, ಆಯಿಲ್. ಅಲ್ಲಿ ಗ್ಲೋ ಪ್ಲಗ್, ಇಲ್ಲಿ ಸ್ಪಾರ್ಕ್ ಪ್ಲಗ್. ಅದರದ್ದನ್ನು ಇದಕ್ಕೆ, ಇದರದ್ದನ್ನು ಅದಕ್ಕೆ ಹಾಕುವಂತಿಲ್ಲ.

ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಸಂಪ್ (ಆಯಿಲ್ ತುಂಬಿಡುವ ತಳದ ಬಟ್ಟಲು) ಇಲ್ಲ. ಪೆಟ್ರೋಲ್ ಕ್ರ್ಯಾಂಕ್‌ಕೇಸ್ ಹಾದು ಸಿಲಿಂಡರಿಗೆ ಹೋಗುವಾಗ ಜೊತೆಗೆ ಬರುವ ಆಯಿಲ್ಲೇ ಬೇರಿಂಗಿಗೂ ಪಿಸ್ಟನ್ನಿಗೂ ಆಗಬೇಕು. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಳತೆ

25:1 ಎಂದರೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. 1000ವನ್ನು ಅನುಪಾತದ ಮೊದಲ ಸಂಖ್ಯೆಯಿಂದ ಭಾಗಿಸಿ; ಒಂದು ಲೀಟರ್ ಪೆಟ್ರೋಲಿಗೆ ಬೇಕಾದ ಆಯಿಲ್ ಮಿಲಿಲೀಟರಿನಲ್ಲಿ ಸಿಕ್ಕಿತು. 25:1ಕ್ಕೆ 40, 32:1ಕ್ಕೆ 31, 40:1ಕ್ಕೆ 25, 50:1ಕ್ಕೆ 20. ಬಾಹಾದ ಕೈಪಿಡಿ ಕೇಳುವುದು 25:1. ಹಳೆಯ ಸ್ಕೂಟರಿನ "ಲೀಟರಿಗೆ 20 ಎಂಎಲ್" ಅಭ್ಯಾಸ ಇಲ್ಲಿಗೆ ತಂದರೆ ಆಯಿಲ್ ಅರ್ಧಕ್ಕೆ ಇಳಿಯಿತು.

ಡಬ್ಬಿಯಲ್ಲಿ ಉಳಿದ ಮಿಕ್ಸನ್ನು ಸರಿಪಡಿಸುವುದೂ ಇದೇ ಲೆಕ್ಕ. ಒಂದೂವರೆ ಲೀಟರ್ 50:1 ಇದೆ, 25:1 ಬೇಕು: ಲೀಟರಿಗೆ 40ರಲ್ಲಿ 20 ಕಳೆದರೆ 20, ಒಂದೂವರೆಗೆ 30 ಮಿ.ಲೀ. ಸೇರಿಸಿ. ಉಲ್ಟಾ ಹೋಗಬೇಕಾದರೆ ಆಯಿಲ್ ತೆಗೆಯಲು ಬರುವುದಿಲ್ಲ, ಪೆಟ್ರೋಲ್ ಹೆಚ್ಚಿಸಬೇಕು. ಎರಡು ಲೀಟರಿಗೆ 80 ಮಿ.ಲೀ. ಹಾಕಿದ್ದು 32:1 ಆಗಬೇಕೆಂದರೆ 80 × 32 = 2560; ಇನ್ನೂ 560 ಮಿ.ಲೀ. ಪೆಟ್ರೋಲ್.

ಅಮೆರಿಕದ ಪಟ್ಟಿಗಳಲ್ಲಿ ಗ್ಯಾಲನ್ ಎಂದರೆ 3.785 ಲೀಟರ್, ಬ್ರಿಟನ್ನಿನದು 4.546. ಯಾವುದೆಂದು ನೋಡದೆ ನಕಲು ಹೊಡೆಯಬೇಡಿ. ಲೀಟರಿನಲ್ಲೇ ಇರಿ.

ಎಲ್ಲರೂ ಎಡವುವ ಜಾಗ: ಆಯಿಲ್ ಜಾಸ್ತಿ ಆದರೆ ಮಿಶ್ರಣ ಲೀನ್

ಇಲ್ಲಿ ಎರಡು ಅನುಪಾತಗಳಿವೆ. ಒಂದು ಪೆಟ್ರೋಲಿಗೆ ಆಯಿಲ್, ಅದನ್ನು ಡಬ್ಬಿಯಲ್ಲಿ ನಾವು ನಿರ್ಧರಿಸುತ್ತೇವೆ. ಇನ್ನೊಂದು ಗಾಳಿಗೆ ಪೆಟ್ರೋಲ್, ಅದನ್ನು ಕಾರ್ಬ್ಯುರೇಟರಿನ ಸೂಜಿ (ಇಂಧನದ ಹರಿವು ಹೊಂದಿಸುವ ಸ್ಕ್ರೂ) ನಿರ್ಧರಿಸುತ್ತದೆ. ಗಾಳಿಗೆ ಪೆಟ್ರೋಲ್ ಹೆಚ್ಚಾದರೆ ರಿಚ್, ಕಡಿಮೆಯಾದರೆ ಲೀನ್; ಈ ಮಾತು ಎರಡನೆಯದಕ್ಕೆ ಮಾತ್ರ.

ಒಂದು ಲೀಟರ್ ಸಿದ್ಧ ಮಿಕ್ಸಿನಲ್ಲಿ 50:1 ಆದರೆ ಪೆಟ್ರೋಲ್ ಸುಮಾರು 980 ಮಿ.ಲೀ., 25:1 ಆದರೆ 962. ಸೂಜಿ ಮುಟ್ಟದೆ 50ರಿಂದ 25ಕ್ಕೆ ಬಂದರೆ, ಅದೇ ತೂತಿನಿಂದ ಬರುವ ದ್ರವದಲ್ಲಿ ಉರಿಯುವ ಪೆಟ್ರೋಲ್ ಶೇ. 2ರಷ್ಟು ಕಡಿಮೆ. ಮಿಕ್ಸ್ ಸ್ವಲ್ಪ ಮಂದವಾಗುವುದರಿಂದ ಹರಿವೂ ತುಸು ಇಳಿಯುತ್ತದೆ. ಒಟ್ಟಿನಲ್ಲಿ ಎಂಜಿನ್ ಲೀನ್ ಕಡೆ ವಾಲುತ್ತದೆ.

ಈಗ ಎಡವುವ ಬಗೆ ನೋಡಿ. ಎಂಜಿನ್ ವಿಪರೀತ ಬಿಸಿಯಾಗುತ್ತಿದೆ. "ಆಯಿಲ್ ಸಾಲದು" ಎಂದು ಮಿಕ್ಸಿಗೆ ಆಯಿಲ್ ಹೆಚ್ಚಿಸುತ್ತಾರೆ. ಲೀನ್ ಇನ್ನಷ್ಟು ಲೀನ್ ಆಗಿ ಕಾವು ಇಳಿಯುವುದೇ ಇಲ್ಲ. ಇದರ ತಿರುವುಮುರುವು ಪ್ರಕರಣವೂ ಇದೆ: ಹೊಗೆ ಜಾಸ್ತಿ, ಪ್ಲಗ್ ಕಪ್ಪಗೆ ಒದ್ದೆ. "ಆಯಿಲ್ ಜಾಸ್ತಿ ಆಯಿತು" ಎಂದು 50:1ಕ್ಕೆ ಇಳಿಸುತ್ತಾರೆ. ಎಷ್ಟೋ ಸಲ ಅಲ್ಲಿ ತಪ್ಪಿದ್ದು ಆಯಿಲ್ ಅಲ್ಲ, ಎಚ್ ಸೂಜಿ (ಹೈ-ಸ್ಪೀಡ್, ಫುಲ್ ಥ್ರಾಟಲ್‌ನ ಇಂಧನದ್ದು) ಹೆಚ್ಚು ತೆರೆದಿದೆ. ಎರಡರಲ್ಲೂ ಮದ್ದು ಸೂಜಿಯಲ್ಲಿದೆ, ಡಬ್ಬಿಯಲ್ಲಿಲ್ಲ.

ಇನ್ನೊಂದು ಕೊಂಡಿ ಇದೆ. ಆಯಿಲ್ ಪೆಟ್ರೋಲಿನ ಬೆನ್ನೇರಿಯೇ ಬರುವುದರಿಂದ ಸೂಜಿ ಬಿಗಿದು ಇಂಧನವನ್ನು ಶೇ. 10 ಕಡಿತ ಮಾಡಿದರೆ ಆಯಿಲ್ಲೂ ಶೇ. 10 ಕಡಿತ. ಬೇರಿಂಗಿನ ಮಟ್ಟಿಗೆ 25:1 ಹೋಗಿ ಹತ್ತಿರಹತ್ತಿರ 28:1 ಆಯಿತು. ಲೀನ್ ಎಂಜಿನ್ ಸೀಜ್ ಆಗುವುದು (ಪಿಸ್ಟನ್ ಕಚ್ಚಿಕೊಂಡು ನಿಲ್ಲುವುದು) ಇದಕ್ಕೇ: ಕಾವು ಏರುವುದು, ಆಯಿಲ್ ಇಳಿಯುವುದು, ಎರಡೂ ಒಟ್ಟಿಗೆ.

ಹಾಗಾಗಿ ಕ್ರಮ ಇಷ್ಟೇ. ಅನುಪಾತ ಒಮ್ಮೆ ಗೊತ್ತು ಮಾಡಿ, ಮತ್ತೆ ಮುಟ್ಟಬೇಡಿ. ಎಂಜಿನ್ ಬಿಸಿಯಾದ ಮೇಲೆ ಎಚ್ ಸೂಜಿಯನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಎಡಕ್ಕೆ ತಿರುಗಿಸಿದರೆ ರಿಚ್, ಬಲಕ್ಕೆ ಲೀನ್. ಫುಲ್ ಥ್ರಾಟಲ್‌ನಲ್ಲಿ ಗುಳುಗುಳು ಸದ್ದು ಬಂದರೆ ರಿಚ್. ಚೂಪಾಗಿ ಕಿರುಚಿ ಮೇಲಕ್ಕೆ ಹೋಗಿ, ಥ್ರಾಟಲ್ ಬಿಟ್ಟಮೇಲೂ ಆರ್‌ಪಿಎಂ ಇಳಿಯಲು ತಡಮಾಡಿದರೆ ಲೀನ್, ಕೂಡಲೇ ನಿಲ್ಲಿಸಿ. ಕಿವಿಗೆ ಅನುಮಾನ ಬಂದರೆ ರಿಚ್ ಕಡೆಗೇ ಇರಿ. ಒಂಚೂರು ವೇಗ ಹೋದೀತು, ಪಿಸ್ಟನ್ ಉಳಿಯುತ್ತದೆ.

ಪ್ಲಗ್ ಒಣಗಿದ ಕಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಲೀನ್. ಆದರೆ ಫುಲ್ ಥ್ರಾಟಲ್‌ನಿಂದ ನೇರ ಎಂಜಿನ್ ಆಫ್ ಮಾಡಿ ಬಿಚ್ಚಿ ನೋಡಿದರೆ ಮಾತ್ರ ಇದಕ್ಕೆ ಅರ್ಥ. ಐಡಲ್‌ನಲ್ಲಿ ಓಡಿಸಿ ಬಿಚ್ಚಿದರೆ ಎಲ್ಲ ಪ್ಲಗ್ಗೂ ಕಪ್ಪೇ.

ಬಂಕಿನ ಪೆಟ್ರೋಲ್

ನಮ್ಮ ಬಂಕುಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಐದರಲ್ಲಿ ಒಂದು ಪಾಲು ಎಥನಾಲ್. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಸೂಜಿ ಇ20ಕ್ಕೆ ಸುಮಾರು ಶೇ. 8ರಷ್ಟು ಲೀನ್. ಹೊರದೇಶದ ವೀಡಿಯೊ ನೋಡಿ ಸುತ್ತು ಎಣಿಸಿಟ್ಟವರ ಎಂಜಿನ್ ಇಲ್ಲಿ ಕಾಯುವುದಕ್ಕೆ ಇದೂ ಒಂದು ಕಾರಣ.

ಎಥನಾಲ್ ನೀರನ್ನೂ ಹೀರುತ್ತದೆ. ಮಿತಿ ಮೀರಿದರೆ ನೀರು-ಎಥನಾಲ್ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪಿಕಪ್ (ಇಂಧನ ಎಳೆಯುವ ಕೊಳವೆಯ ತುದಿ) ಇರುವುದು ತಳದಲ್ಲಿ, ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ಪದರ. ಮಳೆಗಾಲದಲ್ಲಿ ಹಳೆಯ ಮಿಕ್ಸನ್ನು ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿಯಿರಿ; ತಳದಲ್ಲಿ ಗೆರೆ ಕಂಡರೆ ಅದನ್ನು ಕಾರಿಗೆ ಹಾಕಬೇಡಿ. ಕುಲುಕಿದರೆ ಸರಿಹೋಗುವ ದೋಷ ಅಲ್ಲ ಅದು.

ಯಾವ ಆಯಿಲ್

ಬಾಟಲಿಯ ಮೇಲೆ ಜೇಸೋ ಎಫ್‌ಡಿ (ಜಪಾನಿನ ಗುಣಮಟ್ಟದ ಗುರುತು) ಅಂತಿರುವ, ಗಾಳಿಯಿಂದ ತಣಿಯುವ ಎಂಜಿನ್ನಿನ 2ಟಿ, ಅಂದರೆ ಟೂ-ಸ್ಟ್ರೋಕ್ ಆಯಿಲ್. ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯು3 ಬೇಡ, ಅದು ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಬೈಕಿನ ಫೋರ್-ಸ್ಟ್ರೋಕ್ ಆಯಿಲ್ ಅಂತೂ ಬೇಡವೇ ಬೇಡ.

ಬೆರೆಸುವುದು

ಬಯಲಿನಲ್ಲಿ, ಬೆಂಕಿಯಿಂದ ದೂರ, ಕ್ಯಾನನ್ನು ನೆಲದ ಮೇಲಿಟ್ಟು. ನೀರಿನ ಬಾಟಲಿ ಬೇಡ, ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಬೇಕು. ಅರ್ಧ ಪೆಟ್ರೋಲ್, ಮೇಲೆ ಪೂರ್ತಿ ಆಯಿಲ್, ಮುಚ್ಚಳ ಬಿಗಿದು ಕುಲುಕಿ, ಆಮೇಲೆ ಉಳಿದ ಪೆಟ್ರೋಲ್, ಇನ್ನೊಮ್ಮೆ ಕುಲುಕಿ. ಟ್ಯಾಂಕಿಗೆ ಹಾಕುವ ಮುಂಚೆ ಪ್ರತಿ ಸಲ ಕುಲುಕಿ. ಆಯಿಲ್ ಅಳೆಯಲು ಮೆಡಿಕಲ್ ಶಾಪಿನ 50 ಮಿ.ಲೀ. ಸಿರಿಂಜ್ ಚೆನ್ನ, ಆದರೆ ಅದರಲ್ಲಿ ಪೆಟ್ರೋಲ್ ಎಳೆಯಬೇಡಿ. ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಕ್ಯಾನಿನ ಮೇಲೆ ಅನುಪಾತ, ತಾರೀಖು ಬರೆದು ಅಂಟಿಸಿ, ತಿಂಗಳೊಳಗೆ ಮುಗಿಸಿ. ಕಾರು ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವತನಕ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಕಾರ್ಬ್ಯುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಗಟ್ಟಿಯಾಗಿ, ಮುಂದಿನ ಸಲ ಸೂಜಿ ಎಷ್ಟು ತಿರುಗಿಸಿದರೂ ಹದಕ್ಕೆ ಬರುವುದಿಲ್ಲ.