ಮೊದಲ ಚಿಪ್‌ನ ಖರ್ಚು ಯಾರು ಕೊಡಬೇಕು?

ಇಪ್ಪತ್ತು ವರ್ಷದ ಹಿಂದೆ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡವರಿಗೆ ಈ ಅನುಭವ ಆಗಿರುತ್ತದೆ. ಎಲ್ಲ ಸರಿಯಾಯಿತು ಅಂತ ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು. ನನ್ನದೂ ಒಂದು ಭಾನುವಾರ ಹೀಗೇ ಹಾಳಾಗಿತ್ತು. ತಪ್ಪು ಲಿನಕ್ಸ್‌ನದಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪನ್ನು ಹೇಗೆ ಮಾತಾಡಿಸಬೇಕು ಅನ್ನುವ ವಿವರವನ್ನೇ ತಯಾರಕರು ಹೊರಗೆ ಬಿಡುತ್ತಿರಲಿಲ್ಲ.

ಅವರು ಕೊಡದಿದ್ದರೆ ಬೇಡ, ನಾವೇ ಒಂದು ಗ್ರಾಫಿಕ್ಸ್ ಕಾರ್ಡ್ ಮಾಡೋಣ ಅಂತ 2004ರಲ್ಲಿ ಅಮೆರಿಕದ ಎಂಜಿನಿಯರ್ ಟಿಮೊತಿ ಮಿಲ್ಲರ್ ಹೊರಟರು. ಅದೇ ಓಪನ್ ಗ್ರಾಫಿಕ್ಸ್ ಪ್ರಾಜೆಕ್ಟ್. ಚಿಪ್‌ನ ವಿನ್ಯಾಸ, ಚಿಪ್ಪನ್ನು ಮಾತಾಡಿಸುವ ಸಾಫ್ಟ್‌ವೇರ್ ಆದ ಡ್ರೈವರ್, ಎಲ್ಲವೂ ಮುಕ್ತ, ಅಂದರೆ ಯಾರು ಬೇಕಾದರೂ ನೋಡಿ ಬಳಸಬಹುದು. ಸಾಫ್ಟ್‌ವೇರ್‌ನಲ್ಲಿ ಆಗಿದ್ದು ಇಲ್ಲಿ ಯಾಕಾಗಬಾರದು?

ಆಗದಿರಲು ಮೊದಲ ಕಾರಣ ಅಚ್ಚು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದ ಅಚ್ಚು ಒಮ್ಮೆ ಕೈಗೆ ಬಂದರೆ ಪಾಕ ಹೊಯ್ಯುತ್ತಾ ಹೋಗಬಹುದು. ಚಿಪ್‌ಗೆ ಬೇಕಾದ ಅಚ್ಚಿಗೆ ಮಾಸ್ಕ್ ಅನ್ನುತ್ತಾರೆ. ಗಾಜಿನ ಹಲಗೆಯ ಮೇಲೆ ಮೂಡಿಸಿದ ಸರ್ಕ್ಯೂಟ್ ನಕ್ಷೆ ಅದು. ಅದರ ಮೂಲಕ ಬೆಳಕು ಹಾಯಿಸಿ ಸಿಲಿಕಾನ್ ಮೇಲೆ ಚಿತ್ರ ಇಳಿಸುತ್ತಾರೆ. ಒಂದು ಚಿಪ್‌ಗೆ ಹತ್ತಾರು ಪದರ, ಅವಕ್ಕೆಲ್ಲ ಬೇರೆ ಬೇರೆ ಮಾಸ್ಕ್. ಕೆತ್ತಿದ ಮೇಲೆ ತಪ್ಪು ಕಂಡರೆ ಮತ್ತೆ ದುಡ್ಡು ಸುರಿಯಬೇಕು. ಸಾಫ್ಟ್‌ವೇರ್‌ನ ಹಾಗೆ ರಾತ್ರೋರಾತ್ರಿ ತಿದ್ದಿ ಕಳಿಸುವ ಮಾತೇ ಇಲ್ಲ.

ಮಿಲ್ಲರ್ ತಂಡದ ಅಂದಾಜಿನಲ್ಲಿ ಸ್ವಂತ ಚಿಪ್‌ನ ಉತ್ಪಾದನೆ ಶುರು ಮಾಡಲು ಸುಮಾರು 20 ಲಕ್ಷ ಡಾಲರ್ ಬೇಕಿತ್ತು. ಅಂದಿನ ಲೆಕ್ಕದಲ್ಲಿ 9 ಕೋಟಿ ರೂಪಾಯಿ. ಒಂದು ಕಾರ್ಡ್‌ಗೆ 20 ಡಾಲರ್ ಲಾಭ ಬರುತ್ತದೆ ಅಂತಿಟ್ಟುಕೊಳ್ಳಿ. ಹಾಕಿದ ದುಡ್ಡು ವಾಪಸ್ ಬರಲಿಕ್ಕೇ ಒಂದು ಲಕ್ಷ ಕಾರ್ಡ್ ಹೋಗಬೇಕು. ಕೋಟಿಗಟ್ಟಲೆ ಚಿಪ್ ಮಾರುವ ಕಂಪನಿಗೆ ಇದು ಚಿಲ್ಲರೆ ಖರ್ಚು. ಲಿನಕ್ಸ್ ಪ್ರಿಯರ ಗುಂಪಿಗೆ ಅಲ್ಲ. ವಿನ್ಯಾಸ ಮುಕ್ತವಾಗಿದ್ದರೆ ಎಂಜಿನಿಯರ್‌ಗಳು ಪುಕ್ಕಟೆ ದುಡಿಯಬಹುದು, ಆದರೆ ಕಾರ್ಖಾನೆ ಪುಕ್ಕಟೆ ದುಡಿಯುವುದಿಲ್ಲ ಅಲ್ವಾ?

ಹಾಗಾಗಿ ಅವರು ಸುತ್ತುದಾರಿ ಹಿಡಿದರು. ಎಫ್‌ಪಿಜಿಎ ಅಂತ ಒಂದು ಬಗೆಯ ಚಿಪ್ ಇದೆ. ಅದು ಸ್ಲೇಟು ಇದ್ದ ಹಾಗೆ. ಒಳಗಿನ ಸರ್ಕ್ಯೂಟನ್ನು ಅಳಿಸಿ ಮತ್ತೆ ಬರೆಯಬಹುದು, ಅಚ್ಚು ಬೇಡ. ಆದರೆ ಒಂದೊಂದು ಸ್ಲೇಟೂ ದುಬಾರಿ. ಅದೇ ಕೆಲಸಕ್ಕೆಂದೇ ಮಾಡಿದ ಚಿಪ್‌ಗಿಂತ ನಿಧಾನ ಬೇರೆ. ಅದನ್ನೇ ಹಾಕಿ ಓಜಿಡಿ1 ಅನ್ನುವ ಕಾರ್ಡ್ ಮಾಡಿದರು. 256 ಎಂಬಿ ಮೆಮೊರಿ, ಫ್ಯಾನ್ ಕೂಡ ಇಲ್ಲ, ಬೆಲೆ 1,500 ಡಾಲರ್. ಆಟ ಆಡುವವರು ಇದರತ್ತ ತಿರುಗಿಯೂ ನೋಡುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಪ್ರಯೋಗ ಮಾಡುವ ಎಂಜಿನಿಯರ್‌ಗಳಿಗೆ ಇದನ್ನು ಮಾರಿ, ಬಂದ ಲಾಭದಿಂದ ನಿಜವಾದ ಚಿಪ್ ಮಾಡಿಸುವುದು ಲೆಕ್ಕ. ಕಾರ್ಡ್ ಗಿರಾಕಿಗಳ ಕೈ ಸೇರಲು ಶುರುವಾಗಿದ್ದು 2010ರ ಸೆಪ್ಟೆಂಬರ್‌ನಲ್ಲಿ. ಚಿಪ್‌ಗಳ ಲೋಕದಲ್ಲಿ ಆರು ವರ್ಷ ಅಂದರೆ ಒಂದು ಯುಗ. ಸ್ವಂತ ಚಿಪ್ ಬರಲೇ ಇಲ್ಲ.

ಆದರೆ ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದಿದ್ದು ಅಚ್ಚಿನಿಂದಲ್ಲ. ಎಎಂಡಿ ಕಂಪನಿ 2006ರಲ್ಲಿ ಗ್ರಾಫಿಕ್ಸ್ ಚಿಪ್ ಮಾಡುವ ಎಟಿಐಯನ್ನು ಕೊಂಡುಕೊಂಡಿತು. ಮರುವರ್ಷವೇ ಗ್ರಾಫಿಕ್ಸ್ ಚಿಪ್‌ಗಳ ವಿವರ ಹೊರಗೆ ಬಿಡುತ್ತೇವೆ, ಮುಕ್ತ ಡ್ರೈವರ್‌ಗೆ ನೆರವಾಗುತ್ತೇವೆ ಎಂದಿತು. ಆಗ ಒಂದು ಗುಟ್ಟು ಬಯಲಾಯಿತು. ಹೆಚ್ಚಿನವರಿಗೆ ಬೇಕಾಗಿದ್ದು ಮುಕ್ತ ಚಿಪ್ ಅಲ್ಲ, ಕಪ್ಪು ಪರದೆ ಬರದಂತೆ ನೋಡಿಕೊಳ್ಳುವ ಡ್ರೈವರ್ ಅಷ್ಟೇ. ಅದಕ್ಕೆ 20 ಲಕ್ಷ ಡಾಲರ್‌ನ ಅಚ್ಚು ಬೇಕಿರಲಿಲ್ಲ, ಒಂದಿಷ್ಟು ಕಾಗದಪತ್ರ ಸಾಕಿತ್ತು. 2013ರಲ್ಲಿ ಬೇರೆಯವರು ನಂಬರ್ ನೈನ್ ಅನ್ನುವ ಕಂಪನಿಯ ಹಳೆಯ ಗ್ರಾಫಿಕ್ಸ್ ಚಿಪ್‌ನ ವಿನ್ಯಾಸವನ್ನು ಮುಕ್ತಗೊಳಿಸಲು ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 2 ಲಕ್ಷ ಡಾಲರ್ ಕೇಳಿದರು. ಹತ್ತಿರಕ್ಕೂ ಬರಲಿಲ್ಲ.

ಅಚ್ಚಿನ ಖರ್ಚನ್ನು ಹಂಚಿಕೊಂಡರೆ? ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಹತ್ತಾರು ಜನರ ವಿನ್ಯಾಸ ಕೂರಿಸುವುದು ಹಳೆಯ ಉಪಾಯ. 2020ರಲ್ಲಿ ಗೂಗಲ್ ಮತ್ತು ಚಿಪ್ ಕಾರ್ಖಾನೆ ನಡೆಸುವ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಅಳತೆಯ ಚಿಪ್ ತಯಾರಿಕೆಯ ತಂತ್ರದ ವಿವರಗಳನ್ನು ಮುಕ್ತಗೊಳಿಸಿದವು. 2003ರಲ್ಲಿ ಜಿಫೋರ್ಸ್ ಎಫ್‌ಎಕ್ಸ್ 5800 ಗ್ರಾಫಿಕ್ಸ್ ಕಾರ್ಡ್ ಬಂದಾಗಿನ ಮಟ್ಟದ ತಂತ್ರ ಅದು. ಮುಕ್ತ ವಿನ್ಯಾಸಗಳನ್ನು ಪುಕ್ಕಟೆ ಮಾಡಿಸಿಕೊಟ್ಟಿದ್ದೂ ಉಂಟು. ಅಂದರೆ ಖರ್ಚು ಮಾಯವಾಗಿರಲಿಲ್ಲ, ಬಿಲ್ ಗೂಗಲ್ ಕಟ್ಟುತ್ತಿತ್ತು. ಅದನ್ನು ನಡೆಸುತ್ತಿದ್ದ ಈಫ್ಯಾಬ್‌ಲೆಸ್ ಕಂಪನಿ 2025ರಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು.

ಈಗ ಟೈನಿ ಟೇಪ್‌ಔಟ್‌ನವರು ಇನ್ನೂ ಸಣ್ಣ ಪಾಲು ಮಾರುತ್ತಾರೆ. ಕೆಲವು ನೂರು ಡಾಲರ್ ಕೊಟ್ಟರೆ 160 ಮೈಕ್ರಾನ್ ಉದ್ದ, 100 ಮೈಕ್ರಾನ್ ಅಗಲದ ಒಂದು ಚೂರು ನಿಮ್ಮದು. ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. ಬರಿಗಣ್ಣಿಗೆ ಬರೀ ಚುಕ್ಕೆ. ಚಿತ್ರ ಇಟ್ಟುಕೊಳ್ಳಲು ಅದರಲ್ಲಿ ಮೆಮೊರಿ ಹಿಡಿಸುವುದಿಲ್ಲ. ಆದ್ದರಿಂದ ಹುಡುಗರು ಪ್ರತಿ ಚುಕ್ಕಿಯ ಬಣ್ಣವನ್ನು ಮಾನಿಟರ್ ಕೇಳಿದ ಆ ಕ್ಷಣದಲ್ಲೇ ಲೆಕ್ಕ ಹಾಕಿ ಕಳಿಸುತ್ತಾರೆ. ಹಳೆಯ ವಿಜಿಎ ಮಾನಿಟರ್‌ಗೆ ಸಿಕ್ಕಿಸಿದರೆ ಬಣ್ಣದ ಪಟ್ಟೆಗಳು ಅಲೆಅಲೆಯಾಗಿ ಹರಿಯುತ್ತವೆ.