ಬಿಪಿಗೆ ಬೇರಿನ ಮದ್ದು: ಸರ್ಪಗಂಧ ನಡೆದು ಬಂದ ದಾರಿ

'ಗಿಡಮೂಲಿಕೆ ಇರುವಾಗ ಬಿಪಿಗೆ ಮಾತ್ರೆ ಯಾಕೆ?' ಅಂತ ಒಬ್ಬರು. 'ಅದೆಲ್ಲ ಸುಮ್ನೆ, ನಂಬಬೇಡಿ' ಅಂತ ಇನ್ನೊಬ್ಬರು. ಈ ವಾದದಲ್ಲಿ ಒಂದು ಸಂಗತಿ ಮರೆತೇ ಹೋಗಿದೆ. ಬಿಪಿಗೆಂದು ಬಂದ ಮೊದಮೊದಲ ಒಳ್ಳೆಯ ಮಾತ್ರೆಗಳಲ್ಲಿ ಒಂದು ನಮ್ಮದೇ ಗಿಡದ ಬೇರಿನಿಂದ ಬಂದದ್ದು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಆ ಪುಟ್ಟ ಗಿಡವೇ ಸರ್ಪಗಂಧ.

ಹಾವು ಕಚ್ಚಿದವರಿಗೆ, ನಿದ್ದೆ ಬಾರದವರಿಗೆ ಇದನ್ನು ಕೊಡುವುದು ನೂರಾರು ವರ್ಷಗಳ ರೂಢಿ. ಬಿಹಾರದ ಕಡೆ ಇದಕ್ಕೆ 'ಹುಚ್ಚಿನ ಮದ್ದು' ಎಂದೇ ಹೆಸರು. ಇದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು 1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು.

ಆದರೆ ಜಗತ್ತು ಕಿವಿಗೊಟ್ಟದ್ದು 1949ರಲ್ಲಿ. ಮುಂಬೈಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳಿಗೆ ಬೇರಿನ ಮಾತ್ರೆ ಕೊಟ್ಟು, ಬಿಪಿ ಅಳೆದು, ಫಲಿತಾಂಶವನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು.

ಅದು ಕೆಲಸ ಮಾಡುವ ಬಗೆ ಹೀಗೆ. ನಮ್ಮ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಕೂಡಿಡುವ ಪುಟ್ಟ ಚೀಲಗಳಿವೆ. ರಕ್ತನಾಳಕ್ಕೆ 'ಬಿಗಿಯಾಗು' ಎಂದು ಹೇಳುವುದು ಈ ನಾರ್‌ಅಡ್ರಿನಲಿನ್. ಆ ಚೀಲಗಳು ತುಂಬದಂತೆ ರಿಸರ್ಪಿನ್ ತಡೆಯುತ್ತದೆ. ನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ. ಕಷ್ಟ ಏನೆಂದರೆ, ಮಿದುಳಿನಲ್ಲೂ ಇಂಥ ಚೀಲಗಳಿವೆ. ಅಲ್ಲಿ ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್, ಡೋಪಮಿನ್ ಕೂಡ ಬರಿದಾಗುತ್ತವೆ. ಮಾತ್ರೆ ತಿಂದ ಕೆಲವರು ಮಂಕಾದರು, ಖಿನ್ನತೆಗೆ ಜಾರಿದರು ಎಂಬ ವರದಿಗಳು 1950ರ ದಶಕದಲ್ಲೇ ಬಂದವು. ಆಗ ಕೊಡುತ್ತಿದ್ದ ಪ್ರಮಾಣವೂ ಜಾಸ್ತಿ ಇತ್ತು. ಆಮೇಲೆ ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ ಸಾಕು ಎಂದಾಯಿತು. ಪ್ರಮಾಣ ತುಸು ಬದಲಾದರೂ ಮದ್ದಿನ ಗುಣವೇ ಬದಲಾಗುತ್ತದೆ.

ಬಿಪಿ ಇಳಿಸಿದರೆ ಪಾರ್ಶ್ವವಾಯುವಿನಂಥ ಆಪತ್ತು ಕಡಿಮೆಯಾಗುತ್ತದೆ ಎಂದು ತೋರಿಸಿದ, ಅಮೆರಿಕದ ಮಾಜಿ ಸೈನಿಕರ ಮೇಲಿನ 1967ರ ಪರೀಕ್ಷೆಯಲ್ಲಿ ಬಳಸಿದ ಮೂರು ಔಷಧಿಗಳಲ್ಲಿ ರಿಸರ್ಪಿನ್ ಒಂದು. 1974ರಲ್ಲಿ ಇದರಿಂದ ಸ್ತನ ಕ್ಯಾನ್ಸರ್ ಬರಬಹುದು ಎಂಬ ವರದಿಗಳು ಬಂದವು. ಮುಂದಿನ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಆದರೂ ಅಂಟಿದ ಕೆಟ್ಟ ಹೆಸರು ಹೋಗಲಿಲ್ಲ. ಅಷ್ಟರಲ್ಲಿ ಹೊಸ ಮಾತ್ರೆಗಳೂ ಬಂದಿದ್ದವು. ಅಗ್ಗದ ಹಳೆಯ ಮಾತ್ರೆಯ ಪರವಾಗಿ ದನಿ ಎತ್ತುವವರು ಕಡಿಮೆಯಾದರು. ಇದು ಬೇಸರದ ಸಂಗತಿ.

ಇತ್ತ ಕಾಡಿನಲ್ಲಿ ಗಿಡಕ್ಕೇ ಕುತ್ತು ಬಂತು. ಬೇರು ಬೇಕೆಂದರೆ ಇಡೀ ಗಿಡವನ್ನೇ ಕೀಳಬೇಕು, ಅಲ್ವಾ? 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿದೆ.

ಸರ್ಪಗಂಧದ ಪುಡಿ ಈಗಲೂ ಸಿಗುತ್ತದೆ. ಆದರೆ ಒಂದು ಬೇರಿನಲ್ಲಿರುವಷ್ಟೇ ರಿಸರ್ಪಿನ್ ಇನ್ನೊಂದರಲ್ಲಿ ಇರುವುದಿಲ್ಲ. ಚಮಚದಲ್ಲಿ ಅಳೆದರೆ ಅದು ಗೊತ್ತಾಗದು. ಬಿಪಿ ಮಾತ್ರೆಯ ಜೊತೆಗೆ ಪುಡಿಯನ್ನೂ ತಿನ್ನುತ್ತಿರುವವರು ಆ ಪೊಟ್ಟಣವನ್ನು ಡಾಕ್ಟರಿಗೆ ತೋರಿಸಲೇಬೇಕು. ಹಿಂದೆ ಖಿನ್ನತೆ ಇದ್ದವರಂತೂ ಅದನ್ನು ಮುಟ್ಟಬಾರದು.